ದಫ್ತರವೂ ಜಾಲತಾಣವೂ

ಶಾಸ್ತ್ರಗ್ರಂಥವೊಂದನ್ನು ಆರಂಭಿಸುವ ಮುನ್ನ ಪ್ರಾಚೀನರು ನಾಲ್ಕು ಸಂಗತಿಗಳನ್ನು ಇತ್ಯರ್ಥ ಮಾಡಿಕೊಳ್ಳುತ್ತಿದ್ದರು. ಇದನ್ನು ಓದತಕ್ಕವನು ಯಾರು, ಇದರಲ್ಲಿ ಪ್ರತಿಪಾದಿತವಾಗಿರುವುದು ಏನು, ಆ ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧವೆಂತಹದು, ಓದಿದವನಿಗೆ ಆಗುವ ಪ್ರಯೋಜನವೇನು ಎಂಬುವೇ ಆ ನಾಲ್ಕು. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬಿವಕ್ಕೆ ಒಟ್ಟಿಗೆ ಅನುಬಂಧಚತುಷ್ಟಯವೆಂದು ಹೆಸರು. ಪಾಠಶಾಲೆಯಲ್ಲಿ ವೇದಾಂತದ ಮೊದಲ ಪುಸ್ತಕವನ್ನು ಹಿಡಿದ ಹುಡುಗನಿಗೂ ಇದು ಕೆಲವೇ ದಿನಗಳಲ್ಲಿ ಬಾಯಿಪಾಠವಾಗುತ್ತದೆ. ಅರ್ಥವಾಗುವುದು ಮಾತ್ರ ಬಹುಕಾಲದ ಮೇಲೆ. ಸಂಸ್ಕೃತದ ಗಂಧವಿಲ್ಲದ, ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಮಲೆನಾಡಿನ ಹುಡುಗಿಯೊಬ್ಬಳಿಗೆ ಇದರ ಅರ್ಥವು ಒಂದೇ ಮಳೆಗಾಲದಲ್ಲಿ ಆಯಿತು. ಆಕೆಗೆ ಈ ಹೆಸರುಗಳಾವುವೂ ಇಂದಿಗೂ ತಿಳಿಯವು. ತಿಳಿಯದಿದ್ದರೆ ನಷ್ಟವೂ ಇಲ್ಲ.

ಆರನೆಯ ಸೆಮಿಸ್ಟರಿನಲ್ಲಿ, ಮನುಷ್ಯನಿಗೂ ಗಣಕಯಂತ್ರಕ್ಕೂ ನಡೆಯುವ ವ್ಯವಹಾರವನ್ನು ಕುರಿತ ಒಂದು ಪಠ್ಯವಿಷಯವಿದ್ದಿತು. ಅದರ ಅಂಗವಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ನಿಜವಾಗಿ ಇರುವ ಯಾವುದಾದರೊಂದು ಸಂಸ್ಥೆಗೆ ಬಳಕೆದಾರಸ್ನೇಹಿಯಾದ ಜಾಲತಾಣವನ್ನು ವಿನ್ಯಾಸಗೊಳಿಸಬೇಕು. ಕನಿಷ್ಠ ಐದು ಮಂದಿ ಬಳಕೆದಾರರಿಂದ ಅದನ್ನು ಪರೀಕ್ಷಿಸಬೇಕು. ವರದಿ ಬರೆದು ಜುಲೈ ಕೊನೆಯೊಳಗೆ ಒಪ್ಪಿಸಬೇಕು. ಅದಕ್ಕೆ 50 ಅಂಕ. ಸಹಪಾಠಿಗಳು ಹೋಟೆಲು, ಬಟ್ಟೆಯಂಗಡಿ, ವ್ಯಾಯಾಮಶಾಲೆ ಮುಂತಾದುವನ್ನು ಆರಿಸಿಕೊಂಡರು. ಈಕೆ ತನ್ನ ತಾಯಿಯ ತವರೂರಿನ ವಾಚನಾಲಯವನ್ನು ಆರಿಸಿಕೊಂಡಳು. ಇದರಲ್ಲಿ ಘನವಾದ ಉದ್ದೇಶವೇನೂ ಇರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದವರು ಆಕೆಯ ಅಜ್ಜ, ಬೇಕಾದ ವಿವರಗಳೆಲ್ಲ ಕುಳಿತಲ್ಲಿಯೇ ದೊರೆಯುವುವು, ಅಲೆದಾಟವಿಲ್ಲ.

ಆ ವಾಚನಾಲಯವು ಹಳೆಯ ಬಸ್ ನಿಲ್ದಾಣದ ಬಳಿ ಎರಡು ಕೊಠಡಿಗಳ ಹೆಂಚಿನ ಕಟ್ಟಡ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಊರಿನ ಹತ್ತು ಮಂದಿ ಚಂದಾ ಎತ್ತಿ ಕಟ್ಟಿಸಿದುದು. ಒಂಬತ್ತು ಬೀರುಗಳು, 3,400ಕ್ಕೆ ಸಮೀಪದ ಪುಸ್ತಕಗಳು. ಅಂಚೆ ಮಾಸ್ತರರಾಗಿದ್ದು ನಿವೃತ್ತರಾದ ಅಜ್ಜ ಸಂಬಳವಿಲ್ಲದೆ 20 ವರ್ಷಗಳಿಂದ ಸಂಜೆ ನಾಲ್ಕರಿಂದ ಏಳರವರೆಗೆ ಅಲ್ಲಿ ಕುಳಿತುಕೊಳ್ಳುತ್ತಿದ್ದರು. ವಯಸ್ಸು 78. ಬಲಗಣ್ಣಿನ ದೃಷ್ಟಿ ಬಹುಪಾಲು ಹೋಗಿದ್ದಿತು. ಎಡಗಣ್ಣಿಗೆ ಭೂತಗನ್ನಡಿಯ ಸಹಾಯ ಬೇಕು. ಯಾವ ಪುಸ್ತಕ ಯಾವ ಬೀರುವಿನ ಯಾವ ಹಲಗೆಯಲ್ಲಿದೆಯೆಂಬುದು ಅವರೊಬ್ಬರಿಗೆ ಮಾತ್ರ ತಿಳಿದ ಸಂಗತಿ. ಅವರು ಜ್ವರದಿಂದ ಮಲಗಿದ ವಾರ ವಾಚನಾಲಯವೂ ಮಲಗುತ್ತಿದ್ದಿತು. ಸಮಿತಿಯಲ್ಲಿ ಕೆಲವರು, ಮುಂದಿನ ಕೊಠಡಿಯನ್ನು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಟ್ಟು, ಪುಸ್ತಕಗಳನ್ನು ಯಾವುದಾದರೂ ಶಾಲೆಗೆ ದಾಟಿಸಿಬಿಡುವುದು ಲೇಸೆಂದು ಹೇಳತೊಡಗಿದ್ದರು. ಹುಡುಕಿದರೆ ಸಿಕ್ಕದ ಪುಸ್ತಕ ಇದ್ದರೇನು, ಹೋದರೇನು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆಯೂ ಇರಲಿಲ್ಲ. ದಸರೆಯ ಹೊತ್ತಿಗೆ ಸೇರುವ ಸಭೆಯಲ್ಲಿ ಇದು ತೀರ್ಮಾನವಾಗಬೇಕಾಗಿದ್ದಿತು.

ಹುಡುಗಿ ಹಾಸ್ಟೆಲಿನಲ್ಲಿ ಮೂರು ವಾರ ಹಗಲಿರುಳು ದುಡಿದು ಒಂದು ಜಾಲತಾಣವನ್ನು ಸಿದ್ಧಪಡಿಸಿದಳು. ಅದು ಅತ್ಯಂತ ಸುಂದರವಾಗಿದ್ದಿತು. ತೆರೆದೊಡನೆ ಮಂಜು ಕವಿದ ಬೆಟ್ಟಗಳ ಚಿತ್ರ. ಅದರ ಮೇಲೆ ಬೂದುಬಣ್ಣದ ತೆಳುವಾದ ಅಕ್ಷರಗಳು. ಒಂದರ ಹಿಂದೊಂದು ತಾವಾಗಿಯೇ ಸರಿಯುವ ಪುಸ್ತಕಗಳ ಮುಖಚಿತ್ರಗಳು. ಮೇಲಿನ ಒಂದು ಮೂಲೆಯಲ್ಲಿ ಮೂರು ಅಡ್ಡಗೆರೆಗಳು, ಮತ್ತೊಂದು ಮೂಲೆಯಲ್ಲಿ ಭೂತಗನ್ನಡಿಯ ಚಿಹ್ನೆ. ಶೀರ್ಷಿಕೆಗಳೆಲ್ಲ ಇಂಗ್ಲಿಷಿನಲ್ಲಿ, ಹಾಗಿದ್ದರೆ ಶೋಭಿಸುವುದೆಂದು. ಸಹಪಾಠಿನಿಯರು ನೋಡಿ ಹೊಗಳಿದರು. ಜೂನ್ ತಿಂಗಳಿನಲ್ಲಿ ಹತ್ತು ದಿನಗಳ ಬಿಡುವು ದೊರೆತಾಗ ಆಕೆ ಅದನ್ನು ಹೊತ್ತುಕೊಂಡು ಊರಿಗೆ ಬಂದಳು.

ಇಂತಹ ಪರೀಕ್ಷೆಗೆ ಒಂದು ಕಠಿನವಾದ ನಿಯಮವುಂಟು. ಬಳಸುವವನ ಕೈಗೆ ಯಂತ್ರವನ್ನು ಕೊಟ್ಟು, ಒಂದು ಕೆಲಸವನ್ನು ಹೇಳಿ, ಮನಸ್ಸಿಗೆ ತೋರಿದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರುವಂತೆ ಕೇಳಿಕೊಂಡು, ರಚಿಸಿದವರು ಸುಮ್ಮನೆ ಪಕ್ಕದಲ್ಲಿ ಕುಳಿತಿರಬೇಕು. ಬೆರಳು ತೋರಿಸಕೂಡದು, "ಅಲ್ಲಿ ಒತ್ತಿ" ಎನ್ನಕೂಡದು, ನಿಟ್ಟುಸಿರನ್ನೂ ಬಿಡಕೂಡದು. ಮಕ್ಕಳಿಗೆ ಲೆಕ್ಕ ಕೊಟ್ಟು ಸುಮ್ಮನಿರಲಾರದೆ ಉತ್ತರವನ್ನು ತಾವೇ ಹೇಳಿಬಿಡುವ ಉಪಾಧ್ಯಾಯರು ಎಷ್ಟೋ ಮಂದಿ ಇದ್ದಾರೆ. ಈ ನಿಯಮದ ಕಷ್ಟ ಅವರಿಗೆ ಚೆನ್ನಾಗಿ ತಿಳಿದೀತು.

ಅಜ್ಜನಿಗೆ ಕೊಟ್ಟ ಕೆಲಸ ಸುಲಭವಾದುದು: ಶಿವರಾಮ ಕಾರಂತರ ಕಾದಂಬರಿಗಳಲ್ಲಿ ಯಾವುವು ವಾಚನಾಲಯದಲ್ಲಿವೆಯೆಂದು ಕಂಡುಹಿಡಿಯುವುದು. ಅವರು ಜಗಲಿಯಲ್ಲಿ ಕುಳಿತು, ಮೊಬೈಲನ್ನು ಅಂಚೆಯ ಲಕೋಟೆಯಂತೆ ದೂರಕ್ಕೊಮ್ಮೆ ಹತ್ತಿರಕ್ಕೊಮ್ಮೆ ಹಿಡಿದು ನೋಡಿದರು. ಬೆಟ್ಟದ ಚಿತ್ರ ಬರುವುದಕ್ಕೇ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಆ ಊರಿನಲ್ಲಿ ಮಳೆ ಹಿಡಿದರೆ ಸಂಪರ್ಕ ಸಿಕ್ಕುವುದೇ ದುರ್ಲಭ. "ಇದು ನಮ್ಮ ಗುಡ್ಡವೇ ಅಲ್ಲವಲ್ಲ ಪುಟ್ಟಿ" ಎಂದರು. ಅಕ್ಷರಗಳು ಕಾಣದಿರಲು, ಮೂಲೆಯಲ್ಲಿದ್ದ ಭೂತಗನ್ನಡಿಯನ್ನು ಗುರುತಿಸಿ ಸಂತೋಷಪಟ್ಟು ಅದನ್ನೊತ್ತಿದರು. ಅಕ್ಷರಗಳು ದೊಡ್ಡವಾಗಲಿಲ್ಲ, ಬರಿದಾದ ಒಂದು ಪೆಟ್ಟಿಗೆ ತೆರೆದುಕೊಂಡಿತು. ಪುನಃ ಒತ್ತಿದರು, ಪೆಟ್ಟಿಗೆ ಮುಚ್ಚಿಕೊಂಡಿತು. ದಿನಕ್ಕೆ ನೂರು ಸಲ ಭೂತಗನ್ನಡಿಯನ್ನು ಕೈಯಲ್ಲಿ ಹಿಡಿಯುವವರಿಗೆ ಅದು ಅಕ್ಷರವನ್ನು ಹಿಗ್ಗಿಸುವ ಸಾಧನವಲ್ಲದೆ ಹುಡುಕುವ ಸಾಧನ ಹೇಗಾದೀತು! ಅನಂತರ ಮೂರು ಅಡ್ಡಗೆರೆಗಳ ಮೇಲೆ ದೃಷ್ಟಿ ಬಿದ್ದಿತು. "ಇಲ್ಲಿ ವಿಭೂತಿ ಇಟ್ಟಿದ್ದೀಯಲ್ಲ, ಏಕೆ?" ಎಂದು ಕೇಳಿದರು.

ಈ ಮೂರು ಗೆರೆಗಳನ್ನು ಅಮೆರಿಕದ ಜೆರಾಕ್ಸ್ ಸಂಸ್ಥೆಯು 1981ರಲ್ಲಿ ಹೊರತಂದ ಸ್ಟಾರ್ ಎಂಬ ಗಣಕಯಂತ್ರಕ್ಕಾಗಿ ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರ ರಚಿಸಿದನು. ಒತ್ತಿದರೆ ಇಳಿದು ಬರುವ ಪಟ್ಟಿಯ ರೂಪವನ್ನು ಅವು ಸೂಚಿಸುತ್ತವೆ. ಇಂದು ಕೋಟ್ಯಂತರ ಪುಟಗಳಲ್ಲಿ ಇವೆ. ಆದರೆ ಸಂಕೇತವು ಸಂಕೇತವೆಂದು ಬಲ್ಲವನಿಗೆ ಮಾತ್ರ ಅರ್ಥವನ್ನು ಕೊಡುತ್ತದೆ. ಬಾರದವನಿಗೆ ಅದು ಬರಿಯ ಗೆರೆ, ಅಥವಾ ವಿಭೂತಿ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಕುರಿತು ಮೀಮಾಂಸಕರಿಗೂ ನೈಯಾಯಿಕರಿಗೂ ನಡೆದ ಶತಮಾನಗಳ ಜಗಳವನ್ನು ಇಲ್ಲಿಗೆ ಎಳೆಯುವುದು ಬೇಡ. ನೈಯಾಯಿಕರ ಪಕ್ಷಕ್ಕೆ ಇದೊಂದು ಒಳ್ಳೆಯ ಉದಾಹರಣೆಯೆಂದಷ್ಟೇ ಹೇಳಿ ಮುಂದುವರಿಯಬಹುದು.

ಏಳು ನಿಮಿಷಗಳಾದ ಮೇಲೆ ಅಜ್ಜ ಮೊಬೈಲನ್ನು ಮೊಮ್ಮಗಳ ಕೈಗೆ ಮರಳಿ ಕೊಟ್ಟರು. "ತಪ್ಪು ನನ್ನದೇ ಮಗು. ನೀನು ಚೆನ್ನಾಗಿ ಮಾಡಿದ್ದೀಯೆ. ಈ ಕಾಲದ ವಿದ್ಯೆ ನನ್ನ ತಲೆಗೆ ಹತ್ತುವುದಿಲ್ಲ" ಎಂದು ಹೇಳಿ, ಕೊಡೆಯನ್ನು ತೆಗೆದುಕೊಂಡು ವಾಚನಾಲಯದ ಬಾಗಿಲು ತೆರೆಯಲು ಹೊರಟುಹೋದರು. ಹುಡುಗಿ ಬಹಳ ಹೊತ್ತು ಜಗಲಿಯಲ್ಲಿಯೇ ಕುಳಿತಿದ್ದಳಂತೆ. 38 ವರ್ಷ ಊರೂರಿನ ಅಂಚೆಕಚೇರಿಗಳನ್ನು ನಡೆಸಿ, ಅರ್ಧಂಬರ್ಧ ವಿಳಾಸದ ಕಾಗದಗಳನ್ನೂ ಸರಿಯಾದ ಮನೆಗೆ ಮುಟ್ಟಿಸಿದ ಮನುಷ್ಯ, ತನ್ನದೇ ವಾಚನಾಲಯದ ಒಂದು ಪುಸ್ತಕವನ್ನು ಕಾಣಲಾರದೆ ಹೋಗಿ, ಅದಕ್ಕೆ ತನ್ನನ್ನೇ ದೂರಿಕೊಂಡು ಹೋದದ್ದು ಆಕೆಯ ಮನಸ್ಸಿಗೆ ಚುಚ್ಚಿತು.

ಈ ಆತ್ಮದೂಷಣೆಯು ಎಲ್ಲೆಡೆಯೂ ಕಾಣಬರುವಂತಹದೆಂದು ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು 1988ರಲ್ಲಿ ಪ್ರಕಟಿಸಿದ, ನಿತ್ಯಬಳಕೆಯ ವಸ್ತುಗಳ ವಿನ್ಯಾಸವನ್ನು ಕುರಿತ ಗ್ರಂಥದಲ್ಲಿ ವಿಚಾರಮಾಡಿದ್ದಾನೆ. ಎಳೆಯಬೇಕೋ ತಳ್ಳಬೇಕೋ ತಿಳಿಯದ ಬಾಗಿಲು, ಯಾವ ಒಲೆಗೆ ಯಾವ ತಿರುಗಣೆಯೆಂಬುದು ತೋರದ ಅಡುಗೆಯ ಯಂತ್ರ, ಇವುಗಳ ಮುಂದೆ ತಡವರಿಸಿದವನು ತನ್ನನ್ನು ದಡ್ಡನೆಂದುಕೊಳ್ಳುತ್ತಾನೆ; ದೋಷವಾದರೋ ಮಾಡಿದವನದು. ಹುಡುಗಿ ಈ ಭಾಗವನ್ನು ಓದಿ, ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದಳು. ಓದಿದುದು ಬೇರೆ, ಜಗಲಿಯಲ್ಲಿ ಕಂಡುದು ಬೇರೆ.

ಐದು ಮಂದಿಯಿಂದ ಪರೀಕ್ಷಿಸಬೇಕೆಂಬ ನಿಯಮಕ್ಕೂ ಒಂದು ಮೂಲವುಂಟು. ಡೆನ್ಮಾರ್ಕಿನ ಜೇಕಬ್ ನೀಲ್ಸನ್ ಎಂಬಾತನು 1990ರಲ್ಲಿ ರೋಲ್ಫ್ ಮೋಲಿಕ್‌ನೊಡನೆ ಇಂತಹ ವಿನ್ಯಾಸಗಳ ಗುಣದೋಷಗಳನ್ನು ಅಳೆಯುವ ಸೂತ್ರಗಳನ್ನು ರಚಿಸಿ, 1994ರಲ್ಲಿ ಅವನ್ನು ಪರಿಷ್ಕರಿಸಿ ಹತ್ತಕ್ಕೆ ನಿಲ್ಲಿಸಿದನು. 2000ದಲ್ಲಿ, ಐವರು ಬಳಕೆದಾರರನ್ನು ನೋಡಿದರೆ ದೋಷಗಳಲ್ಲಿ ಬಹುಭಾಗ ಹೊರಬೀಳುತ್ತದೆಯೆಂದು ಬರೆದನು. ಇದು ಸ್ಥಾಲೀಪುಲಾಕ ನ್ಯಾಯ. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯೊಳಗಿನ ಒಂದಗುಳನ್ನು ಹಿಸುಕಿದರೆ ಸಾಕು. ಆದರೆ ನ್ಯಾಯವನ್ನು ಉಪಯೋಗಿಸುವವರು ಅದರ ಮೇರೆಯನ್ನೂ ತಿಳಿದಿರಬೇಕು: ಅಗುಳುಗಳೆಲ್ಲ ಒಂದೇ ಪಾತ್ರೆಯವಾಗಿರಬೇಕು. ಹಾಸ್ಟೆಲಿನ ಐವರು ಗೆಳತಿಯರನ್ನು ಕೂರಿಸಿ, ಮಲೆನಾಡಿನ ವಾಚನಾಲಯಕ್ಕೆ ಬರುವವರ ಕಷ್ಟಸುಖವನ್ನು ತಿಳಿದೆನೆಂದರೆ, ಪಕ್ಕದ ಮನೆಯ ಅನ್ನವನ್ನು ಹಿಸುಕಿ ನೋಡಿ ತನ್ನ ಮನೆಯ ಒಲೆಯನ್ನು ಆರಿಸಿದಂತಾಯಿತು. ಸಹಪಾಠಿಗಳಲ್ಲಿ ಅನೇಕರು ಮಾಡಿದುದು ಇದನ್ನೇ. ಈಕೆಯೂ ಮೊದಲು ಹಾಗೆಯೇ ಮಾಡಬೇಕೆಂದಿದ್ದಳು.

ಅಜ್ಜನ ಬಳಿಕ ಆಕೆ ಊರಿನಲ್ಲಿ ನಾಲ್ವರನ್ನು ಹುಡುಕಿದಳು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಎಲ್ಲವನ್ನೂ ಕ್ಷಣದಲ್ಲಿ ಕಂಡುಹಿಡಿದು ಆಟಕ್ಕೆ ಓಡಿಹೋದನು. ಅಡಕೆ ಮಂಡಿಯ ಗುಮಾಸ್ತರೊಬ್ಬರು ಅರ್ಧದಲ್ಲಿಯೇ ಬಿಟ್ಟು ಎದ್ದರು. ಉಳಿದಿಬ್ಬರ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು.

ಒಬ್ಬರು ದೃಷ್ಟಿಯಿಲ್ಲದ ಸಂಗೀತದ ಮೇಷ್ಟರು. ಅವರ ಮೊಬೈಲಿನಲ್ಲಿ, ಬೆರಳು ಮುಟ್ಟಿದೆಡೆಯಲ್ಲಿ ಏನಿದೆಯೆಂಬುದನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಯಿದ್ದಿತು. ಅವರು ಅದರಿಂದಲೇ ವಾರ್ತೆಯನ್ನು ಕೇಳುವರು, ಹಣ ಕಳುಹಿಸುವರು, ಶಿಷ್ಯರಿಗೆ ಪಾಠದ ವೇಳೆಯನ್ನು ತಿಳಿಸುವರು. ಹುಡುಗಿಯ ಸುಂದರವಾದ ಪುಟದ ಮೇಲೆ ಅವರು ಬೆರಳಾಡಿಸಿದಾಗ ಯಂತ್ರವು "ಹೆಸರಿಲ್ಲದ ಗುಂಡಿ" ಎಂದಿತು, ಬೆರಳು ಸರಿಯಿತು, ಪುನಃ "ಹೆಸರಿಲ್ಲದ ಗುಂಡಿ" ಎಂದಿತು. ಪುಸ್ತಕಗಳ ಮುಖಚಿತ್ರಗಳು ಬಂದಾಗ ಯಾವುದೋ ಅಂಕಿಗಳನ್ನೂ ಇಂಗ್ಲಿಷಿನ ಬಿಡಿಯಕ್ಷರಗಳನ್ನೂ ಒದರಿತು. ಅವು ಚಿತ್ರಗಳ ಕಡತಗಳ ಹೆಸರುಗಳು. ಮೇಷ್ಟರು ನಕ್ಕು, "ಮನೆ ದೊಡ್ಡದಾಗಿದೆ ತಂಗಿ, ಬಾಗಿಲುಗಳೂ ಬೇಕಾದಷ್ಟಿವೆ. ಯಾವುದು ದೇವರ ಕೋಣೆ, ಯಾವುದು ಬಚ್ಚಲುಮನೆ ಎಂಬುದೊಂದು ತಿಳಿಯಲಿಲ್ಲ" ಎಂದರು.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದುದೇನೂ ಅಲ್ಲ. ಜಾಲತಾಣಗಳನ್ನು ಎಲ್ಲರೂ ಬಳಸುವಂತೆ ಮಾಡುವ ನಿಯಮಾವಳಿಯನ್ನು ವಿಶ್ವವ್ಯಾಪಿ ಜಾಲದ ಒಕ್ಕೂಟವು 1999ರಲ್ಲಿಯೇ ಪ್ರಕಟಿಸಿ, 2008, 2018, 2023ರಲ್ಲಿ ಪರಿಷ್ಕರಿಸಿದೆ. ಪ್ರತಿಯೊಂದು ಚಿತ್ರಕ್ಕೂ ಅದರ ತಾತ್ಪರ್ಯವನ್ನು ಹೇಳುವ ಮಾತನ್ನು ಜೊತೆಗಿಡಬೇಕು, ಗುಂಡಿಗೆ ಹೆಸರಿರಬೇಕು, ಪುಟದ ಭಾಷೆ ಕನ್ನಡವೆಂದು ಒಳಗಡೆ ಗುರುತು ಹಾಕಬೇಕು, ಇಲ್ಲವಾದರೆ ಓದುವ ಯಂತ್ರವು ಇಂಗ್ಲಿಷಿನ ಕಂಠದಿಂದಲೇ ಆರಂಭಿಸಬಹುದು, ಸಾಧಾರಣ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಣ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕು. ಬಿಳಿಯ ಮೇಲೆ ಕರಿಯಾದರೆ ಈ ಪ್ರಮಾಣ 21ಕ್ಕೆ 1. ಹುಡುಗಿಯ ಬೂದುಬಣ್ಣ 3ನ್ನೂ ಮುಟ್ಟಿರಲಿಲ್ಲ. ಭಾರತದಲ್ಲಿ ಅಂಗವಿಕಲರ ಹಕ್ಕುಗಳ 2016ರ ಶಾಸನವು ಬಂದ ಮೇಲೆ ಇದು ಬರಿಯ ಸೌಜನ್ಯದ ಮಾತಾಗಿಯೂ ಉಳಿದಿಲ್ಲ. ಆದರೂ ಸುಂದರವೆನಿಸಿಕೊಂಡ ಎಷ್ಟೋ ತಾಣಗಳಲ್ಲಿ ಬೂದಿಯ ಮೇಲೆ ಬೂದಿ ಚೆಲ್ಲಿದಂತಹ ಅಕ್ಷರಗಳೇ ಇರುವುದು. ಇಪ್ಪತ್ತು ವರ್ಷದವರ ಕಣ್ಣಿಗಾಗಿ ಇಪ್ಪತ್ತು ವರ್ಷದವರು ಮಾಡುವ ಕೆಲಸವಾದುದರಿಂದ ಹೀಗಾಗುತ್ತದೆಯೋ ಏನೋ.

ಇನ್ನೊಬ್ಬರು, ವಾರಕ್ಕೆ ಎರಡು ಕಾದಂಬರಿಗಳಂತೆ ಓದುವ ಗೃಹಿಣಿ. ಅವರು ಪೆಟ್ಟಿಗೆಯಲ್ಲಿ ಏನನ್ನೂ ಬರೆಯದೆ, "ಹಸಿರು ರಟ್ಟಿನದು ಬೇಕಿತ್ತು. ಕೊನೆಗೆ ಆಕೆ ತಮ್ಮನ ಮನೆಗೆ ಹೋಗುತ್ತಾಳಲ್ಲ, ಅದು. ಇದಕ್ಕೆ ಹೇಗೆ ಹೇಳುವುದು?" ಎಂದು ಕೇಳಿದರು. ಹುಡುಗಿಗೆ ನಗು ಬಂದಿತು. ಆದರೆ ಸಂಜೆ ವಾಚನಾಲಯದಲ್ಲಿ ಅದೇ ಮಾತನ್ನು ಅಜ್ಜನಿಗೆ ಹೇಳಲು, ಅವರು ಎದ್ದು ನಾಲ್ಕನೆಯ ಬೀರುವಿಗೆ ಹೋಗಿ ಪುಸ್ತಕವನ್ನು ಕೈಗೆತ್ತಿಕೊಟ್ಟರು.

ಹೇಗೆ ತಿಳಿಯಿತೆಂದು ಕೇಳಿದಾಗ ಅಜ್ಜ ದಫ್ತರವನ್ನು ತೆರೆದರು. ಆ ದಫ್ತರ ನೋಡತಕ್ಕ ವಸ್ತು. ಕೆಂಪು ಬಟ್ಟೆಯ ಬೆನ್ನಿನ, ಲೆಡ್ಜರಿನ ಗಾತ್ರದ ಎರಡು ಸಂಪುಟಗಳು. ಪ್ರತಿ ಪುಸ್ತಕಕ್ಕೂ ಸಂಖ್ಯೆ, ಹೆಸರು, ಗ್ರಂಥಕರ್ತ, ಬಂದ ದಿನ, ಕೊಟ್ಟವರ ಹೆಸರು, ಬೀರು, ಹಲಗೆ. ಇಷ್ಟು ಎಲ್ಲ ಕಡೆಯೂ ಇರುವುದೇ. ವಿಶೇಷವಿದ್ದುದು ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ. "ಶ್ರೀನಿವಾಸ" ಎಂದಿರುವಲ್ಲಿ "ಮಾಸ್ತಿ ನೋಡಿ". "ಪುಟ್ಟಪ್ಪ" ಎಂದಿರುವಲ್ಲಿ "ಕುವೆಂಪು ನೋಡಿ". "ಆದ್ಯ ರಂಗಾಚಾರ್ಯ" ಎಂಬಲ್ಲಿ "ಶ್ರೀರಂಗ ನೋಡಿ". ಬೇಂದ್ರೆಯವರ ಹೆಸರಿನ ಮುಂದೆ "ಅಂಬಿಕಾತನಯದತ್ತ". "ಅನಸೂಯಾ ಶಂಕರ" ಎಂದು ಯಾರಾದರೂ ಕೇಳಿದರೆ ಎಂದು "ತ್ರಿವೇಣಿ". ಕನ್ನಡದ ಗ್ರಂಥಕರ್ತರು ಇಟ್ಟುಕೊಂಡ ಕಾವ್ಯನಾಮಗಳು ವಾಚನಾಲಯದವರಿಗೆ ಒಂದು ಶಾಶ್ವತವಾದ ಪೀಡೆ. ಓದುಗನಾದರೋ ತನಗೆ ನೆನಪಿರುವ ಹೆಸರನ್ನೇ ಹೇಳುವನು. ಎರಡನೆಯ ಸಂಪುಟದ ಹಿಂಬದಿಯಿಂದ ಮತ್ತೊಂದು ಪಟ್ಟಿ ಆರಂಭವಾಗುತ್ತಿದ್ದಿತು. ಅದಕ್ಕೆ ಅಜ್ಜ ಕೊಟ್ಟ ಶೀರ್ಷಿಕೆ: "ಕೇಳಿದವರು ಕೇಳಿದ ಬಗೆ." ಹಳದಿ ರಟ್ಟಿನ ಪತ್ತೇದಾರಿ; ಸೀತೆಯ ಕಡೆಯಿಂದ ಹೇಳಿದ ರಾಮಾಯಣ; ಬಸಿರಿ ಹೆಂಗಸು ಓದಬಹುದಾದುದು, ಅಳು ಬರಕೂಡದು; ಅಡಕೆಯ ಕೊಳೆರೋಗದ ಪುಸ್ತಕ, ಚಿತ್ರವಿರುವುದು. ಒಂದೊಂದರ ಎದುರಿಗೂ ಪುಸ್ತಕದ ಸಂಖ್ಯೆ. ಪುಸ್ತಕವಿಲ್ಲದೆ ಹೋದ ಕಡೆ ಒಂದು ಸೊನ್ನೆ, ಮುಂದಿನ ಸಾರಿ ಚಂದಾ ಹಣ ಬಂದಾಗ ಕೊಳ್ಳುವುದಕ್ಕೆ.

ಬಳಕೆದಾರರನ್ನು ಅಧ್ಯಯನಮಾಡುವುದೆಂದು ಆಕೆಯ ಪಠ್ಯದಲ್ಲಿ ಒಂದು ಇಡೀ ಅಧ್ಯಾಯವಿದ್ದಿತು. ಅಜ್ಜ ಅದನ್ನು ಆ ಹೆಸರಿಲ್ಲದೆ 20 ವರ್ಷ ನಡೆಸಿದ್ದರು. ಓದುಗನ ಕಾಲವನ್ನು ಉಳಿಸಬೇಕೆಂಬುದು, 1931ರಲ್ಲಿ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಶಾಸ್ತ್ರಕ್ಕೆ ಹಾಕಿಕೊಟ್ಟ ಐದು ಸೂತ್ರಗಳಲ್ಲೊಂದು. ಆ ಮಹನೀಯರು ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅಜ್ಜನಿಗೆ ಅವರ ಹೆಸರೂ ತಿಳಿದಿರಲಿಲ್ಲ.

ಮರುದಿನದಿಂದ ಹುಡುಗಿ ಗಣಕಯಂತ್ರವನ್ನು ಮುಚ್ಚಿಟ್ಟು ಕಾಗದ ಕತ್ತರಿಗಳನ್ನು ಹಿಡಿದಳು. ಇದೂ ಈ ವಿದ್ಯೆಯಲ್ಲಿ ಒಪ್ಪಿತವಾದ ಕ್ರಮವೇ. ಪುಟಗಳನ್ನು ಕಾಗದದ ಮೇಲೆ ಬರೆದು, ನೋಡುವವರು ಬೆರಳಿಟ್ಟೊಡನೆ ಆ ಕಾಗದವನ್ನು ತೆಗೆದು ಮುಂದಿನದನ್ನು ಇಡುವುದು. ಮನುಷ್ಯನೇ ಯಂತ್ರದ ಕೆಲಸವನ್ನು ಮಾಡುವುದು. ಕೆಡಿಸಿ ಬರೆಯಲು ಖರ್ಚಿಲ್ಲ. ಪುಸ್ತಕಗಳ ಹೆಸರುಗಳನ್ನು ಬಿಡಿಚೀಟಿಗಳಲ್ಲಿ ಬರೆದು, ಓದುಗರಿಂದಲೇ ಗುಂಪು ಮಾಡಿಸುವುದು ಇನ್ನೊಂದು ಕ್ರಮ. ಜಗಲಿಯಲ್ಲಿ ನಾಲ್ಕು ದಿನ ಈ ಕಾಗದದಾಟ ನಡೆಯಿತು. ನೆರೆಮನೆಯ ಹೆಂಗಸರು ಬತ್ತಿ ಹೊಸೆಯುತ್ತ ಬಂದು ಕುಳಿತರು. "ಸಾಮಾಜಿಕ", "ಐತಿಹಾಸಿಕ" ಎಂಬ ವಿಭಾಗಗಳನ್ನು ಅವರು ಯಾರೂ ಮಾಡಲಿಲ್ಲ. "ಸಂಸಾರದವು", "ರಾಜರವು", "ಮಕ್ಕಳಿಗೆ", "ದೇವರವು", "ತೋಟದವು" ಎಂದು ಮಾಡಿದರು. ಹುಡುಗಿ ಅವನ್ನೇ ಇಟ್ಟುಕೊಂಡಳು. "ರಾಜರವು" ಎಂಬುದನ್ನು ಮಾತ್ರ "ಇತಿಹಾಸ" ಎಂದು ತಿದ್ದಿದಳು. ತಿದ್ದದಿದ್ದರೂ ನಡೆಯುತ್ತಿದ್ದಿತೆಂದು ತೋರುತ್ತದೆ.

ಅನಂತರ ಯಂತ್ರದ ಪಾಡು. 20 ವರ್ಷಗಳ ಹಿಂದೆ ಸಮಿತಿಯವರು 1,100 ಪುಸ್ತಕಗಳ ಪಟ್ಟಿಯೊಂದನ್ನು ಟೈಪು ಮಾಡಿಸಿ ಇಟ್ಟಿದ್ದರು. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಮೇಲೋಗರ. 1991ರಲ್ಲಿ ಪ್ರಕಟವಾದ ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆಗಳಿದ್ದರೂ, ಅದು ಬಳಕೆಗೆ ಬರಲು ಬಹಳ ವರ್ಷಗಳು ಹಿಡಿದುವು. ಅಲ್ಲಿಯವರೆಗೆ ರೋಮನ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಚಿತ್ರವನ್ನು ಕೂರಿಸಿದ ಫಾಂಟುಗಳಿಂದ ಬರೆಯುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ವೇಷ ಕಳಚಿದ ನಟ. ಅದನ್ನು ಪರಿವರ್ತಿಸುವ ಸಾಧನಗಳಿವೆ; ಆದರೆ ಅರ್ಕಾವತ್ತು ಬಂದೆಡೆಯಲ್ಲೆಲ್ಲ ಅಕ್ಷರಗಳು ಸ್ಥಾನಪಲ್ಲಟವಾಗಿ, ಒಂದೊಂದು ಸಾಲನ್ನೂ ದಫ್ತರದೊಡನೆ ತಾಳೆ ನೋಡಬೇಕಾಯಿತು. ಸಾಲುಗಳ ನಡುವಣ ಅಂತರವನ್ನು ಇಂಗ್ಲಿಷಿನ ಅಳತೆಯಂತೆ ಇಟ್ಟಿದ್ದುದರಿಂದ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತದ ತಲೆಯ ಮೇಲೆ ಕಾಲಿಟ್ಟಿದ್ದುವು, ಅದನ್ನೂ ಬಿಡಿಸಬೇಕಾಯಿತು. ಇನ್ನು ಹುಡುಕುವ ಪೆಟ್ಟಿಗೆ. ಹಳೆಯ ಮುದ್ರಣಗಳಲ್ಲಿ ವರ್ಗದ ಅನುನಾಸಿಕ, ಹೊಸವುಗಳಲ್ಲಿ ಸೊನ್ನೆ. ಕಿವಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ ಶಬ್ದಗಳು. ಮಹಾಪ್ರಾಣವನ್ನು ಬಿಟ್ಟು ಬರೆಯುವವರು ಎಷ್ಟು ಮಂದಿಯೆಂಬುದನ್ನು ಕನ್ನಡ ಪಂಡಿತರು ಬಲ್ಲರು. ಹೀಗೆ ತಪ್ಪಿ ಬರೆದವರಿಗೂ ಪುಸ್ತಕ ಸಿಕ್ಕುವಂತೆ ಆಕೆ ವ್ಯವಸ್ಥೆ ಮಾಡಿದಳು. ಕಾಗುಣಿತ ತಪ್ಪಿದವನಿಗೆ ಪುಸ್ತಕವನ್ನು ನಿರಾಕರಿಸಿದರೆ ಅವನು ಕಾಗುಣಿತವನ್ನು ಕಲಿಯುವುದಾದರೂ ಎಲ್ಲಿ?

ಕೊನೆಗೆ ಸಿದ್ಧವಾದುದು ನೋಡಲು ಸಾಮಾನ್ಯವಾದ ಪುಟ. ಬಿಳಿಯ ಮೇಲೆ ಕಪ್ಪು, ದೊಡ್ಡ ಅಕ್ಷರ. ಮೇಲುಗಡೆ ಎರಡು ಸಾಲು: ಇದು ಇಂತಹ ಊರಿನ ವಾಚನಾಲಯ, ಯಾರು ಬೇಕಾದರೂ ಬಂದು ಓದಬಹುದು, ಸದಸ್ಯರು ಮನೆಗೆ ಒಯ್ಯಬಹುದು, ಬಾಗಿಲು ನಾಲ್ಕರಿಂದ ಏಳರವರೆಗೆ. ಅದರ ಕೆಳಗೆ ಒಂದು ಪೆಟ್ಟಿಗೆ, ಅದರ ಮೇಲೆ ಕನ್ನಡದಲ್ಲಿ "ಪುಸ್ತಕ ಹುಡುಕಿ" ಎಂಬ ಮಾತು. ಗೆರೆಗಳಿಲ್ಲ, ಭೂತಗನ್ನಡಿಯಿಲ್ಲ. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ, ನಾಲ್ಕೂ ಬಂದುವು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಈ ಜಾಲವನ್ನು ಯೋಚಿಸಿ, 1991ರಲ್ಲಿ ಹೊರಜಗತ್ತಿಗೆ ತೆರೆದ ಮೊದಲ ತಾಣವೂ ಹೀಗೆಯೇ ಬರಿಯ ಮಾತು, ಬರಿಯ ಕೊಂಡಿ. ಆ ಯೋಜನೆಯೇನೆಂಬುದೇ ಅದರ ವಿಷಯ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಅದನ್ನು ಶುಲ್ಕವಿಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಹಾಗೆ ಬಿಟ್ಟುಕೊಡದಿದ್ದಿದ್ದರೆ ಎರಡು ಕೊಠಡಿಯ ವಾಚನಾಲಯಕ್ಕೆ ಅದರಲ್ಲಿ ಸ್ಥಳ ದೊರೆಯುತ್ತಿದ್ದಿತೆಂದು ನಂಬುವುದು ಕಷ್ಟ.

ಜುಲೈ ನಡುವೆ ಒಂದು ಭಾನುವಾರ ಆಕೆ ಬಸ್ಸಿನಲ್ಲಿ ಬಂದು ಅಜ್ಜನ ಕೈಗೆ ಮೊಬೈಲನ್ನು ಕೊಟ್ಟು, ಹಿಂದಿನ ಕೆಲಸವನ್ನೇ ಹೇಳಿದಳು. ಅವರು ಭೂತಗನ್ನಡಿಯಿಲ್ಲದೆಯೇ ಓದಿದರು. "ಕಾರಂತ" ಎಂದು ಬರೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು, ಬೆರಳು ನಡುಗುತ್ತಿದ್ದುದರಿಂದ. ಪಟ್ಟಿ ಬಂದಿತು, ಬೀರು ಎರಡು, ಹಲಗೆ ಮೂರು. ಅಜ್ಜ ಅದನ್ನು ದಿಟ್ಟಿಸಿ ನೋಡಿ, "ಇದರಲ್ಲಿ ಒಂದು ತಪ್ಪಿದೆ. ಈ ಮೂರನೆಯದನ್ನು ವೈದ್ಯರ ಮನೆಯವರು ತೆಗೆದುಕೊಂಡು ಹೋಗಿ ಎರಡು ವರ್ಷವಾಯಿತು" ಎಂದರು. ಈ ಸಲ ತಪ್ಪು ತಮ್ಮದೆಂದು ಹೇಳಲಿಲ್ಲ. ಸಂಗೀತದ ಮೇಷ್ಟರು ತ್ಯಾಗರಾಜರ ಕೀರ್ತನೆಗಳ ಹಳೆಯ ಪುಸ್ತಕವೊಂದನ್ನು ತಾವೇ ಹುಡುಕಿಕೊಂಡು, ಶಿಷ್ಯನನ್ನು ಕಳುಹಿಸಿ ತರಿಸಿಕೊಂಡರು.

50ಕ್ಕೆ 36 ಅಂಕ ಬಂದಿತು. ವಿನ್ಯಾಸದಲ್ಲಿ ಆಕರ್ಷಣೆ ಸಾಲದೆಂದು ಪರೀಕ್ಷಕರು ಬರೆದಿದ್ದರು. ಹೋಟೆಲಿನ ಜಾಲತಾಣಕ್ಕೆ 44 ಬಂದಿತ್ತು. ಪರೀಕ್ಷಕರನ್ನು ದೂರುವಂತೆಯೂ ಇಲ್ಲ. ಅವರ ಮುಂದೆ ಇದ್ದುದು 60 ತಾಣಗಳು. ಅವರು ಕಂಡುದು ಪುಟವನ್ನು, ಜಗಲಿಯನ್ನಲ್ಲ. ಹುಡುಗಿಯು ದೂರವಾಣಿಯಲ್ಲಿ ಅತ್ತುಕೊಂಡಾಗ ಅಜ್ಜ, "ಪಾಸಾಯಿತಷ್ಟೆ?" ಎಂದು ಕೇಳಿ, ವೈದ್ಯರ ಮನೆಯಿಂದ ಪುಸ್ತಕ ಮರಳಿ ಬಂದುದನ್ನು ತಿಳಿಸಿದರು. ಅಂದೇ ಅವರು ದಫ್ತರದಲ್ಲಿ, ಹೊಸದಾಗಿ ಬಂದ ಪುಸ್ತಕಗಳ ಸಾಲಿನ ಕೊನೆಗೆ, ಜಾಲತಾಣಕ್ಕೂ ಒಂದು ಸಂಖ್ಯೆ ಕೊಟ್ಟು ಬರೆದುಕೊಂಡಿದ್ದಾರೆ. ಕೊಟ್ಟವರ ಹೆಸರಿನಲ್ಲಿ ಮೊಮ್ಮಗಳ ಹೆಸರು. ಬೀರು ಮತ್ತು ಹಲಗೆಯ ಅಂಕಣಗಳಲ್ಲಿ ಅಡ್ಡಗೆರೆ.

ದಸರೆಯ ಸಭೆಯಲ್ಲಿ ಬಾಡಿಗೆಯ ಮಾತು ಬಂದಾಗ ಅಡಕೆ ಮಂಡಿಯ ಗುಮಾಸ್ತರು ತಮ್ಮ ಮೊಬೈಲನ್ನು ತೆಗೆದು ಎಲ್ಲರಿಗೂ ತೋರಿಸಿದರಂತೆ. ತೀರ್ಮಾನವು ಒಂದು ವರ್ಷ ಮುಂದಕ್ಕೆ ಹೋಗಿದೆ, ರದ್ದಾಗಿಲ್ಲ. ಸುಮಾರು 640 ಪುಸ್ತಕಗಳು ಇನ್ನೂ ತಾಣಕ್ಕೆ ಸೇರಬೇಕಾಗಿವೆ. ಭಾನುವಾರ ಬೆಳಗ್ಗೆ ಅಜ್ಜ ಸಂಪರ್ಕ ಸಿಕ್ಕುವ ಹಲಸಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ದಫ್ತರವನ್ನು ತೊಡೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು ಒಂದೊಂದೇ ಸಾಲನ್ನು ಓದುತ್ತಾರೆ. ಹುಡುಗಿ ಬೆಂಗಳೂರಿನಲ್ಲಿ ಕುಳಿತು ಬರೆದುಕೊಳ್ಳುತ್ತಾಳೆ. ಕೆಂಪು ಶಾಯಿಯ ಮಾತುಗಳನ್ನೂ ಬಿಡದೆ ಹೇಳಬೇಕೆಂದು ಆಕೆಯ ಕಟ್ಟಪ್ಪಣೆ. ಕಳೆದ ವಾರ ಏಳನೆಯ ಬೀರುವಿನ ಮೂರನೆಯ ಹಲಗೆ ಮುಗಿಯಿತು. ನಾಲ್ಕನೆಯದನ್ನು ಆರಂಭಿಸುವಷ್ಟರಲ್ಲಿ ಮಳೆ ಬಂದಿತು.